ಸೋತು ನಗಿಸುವ ಜಾದೂಗಾರ

ಮೇಜಿನ ಮೇಲೊಂದು ಮರದ ಪೆಟ್ಟಿಗೆ. ಒಳಗೆ ಎರಡು ಗೂಡು, ಎರಡಕ್ಕೂ ಬೇರೆ ಬೇರೆ ಬಾಗಿಲು. ಜಾದೂಗಾರ ಮುಷ್ಟಿಗಾತ್ರದ ದಾಳವೊಂದನ್ನು ಎಡಗೂಡಿನಲ್ಲಿಟ್ಟು ಬಾಗಿಲು ಮುಚ್ಚುತ್ತಾನೆ. ಮಂತ್ರ ಹೇಳಿ, ಪೆಟ್ಟಿಗೆಯನ್ನು ಬಲಕ್ಕೆ ವಾಲಿಸಿ, ಎಡಬಾಗಿಲು ತೆರೆದು "ನೋಡಿ, ಮಾಯ!" ಎನ್ನುತ್ತಾನೆ. ದಾಳ ಜಾರಿದ ಸದ್ದು ಹಿಂದಿನ ಸಾಲಿಗೂ ಕೇಳಿಸಿದೆ. ಮಕ್ಕಳು ಬಿಡುತ್ತಾರೆಯೇ? "ಆ ಕಡೆ ಬಾಗ್ಲು ತೆಗೀರಿ ಸಾರ್!" ಎಂದು ಕೂಗುತ್ತಾರೆ. ಆತ ಎಡಬಾಗಿಲು ಮುಚ್ಚಿ, ಪೆಟ್ಟಿಗೆಯನ್ನು ಎಡಕ್ಕೆ ವಾಲಿಸಿ, ಬಲಬಾಗಿಲು ತೆರೆಯುತ್ತಾನೆ. ಮತ್ತೆ ಅದೇ ಸದ್ದು, ಇನ್ನೂ ದೊಡ್ಡ ಕೂಗು. "ಎರಡೂ ಒಟ್ಟಿಗೇ ತೆಗೀರಿ!" ಆತ ಕಿವಿ ಕೇಳಿಸದವನಂತೆ ನಟಿಸುತ್ತಾನೆ, ಬೆವರು ಒರೆಸಿಕೊಳ್ಳುತ್ತಾನೆ, ಸಹಾಯಕ್ಕಾಗಿ ಹೆಡ್‌ಮಾಸ್ಟರ ಮುಖ ನೋಡುತ್ತಾನೆ. ಆ ನಾಲ್ಕಾರು ನಿಮಿಷ ಇಡೀ ಶಾಲೆ ಅವನಿಗಿಂತ ಜಾಣವಾಗಿರುತ್ತದೆ. ಕೊನೆಗೆ ಸೋತವನಂತೆ ಎರಡೂ ಬಾಗಿಲು ತೆರೆದರೆ ದಾಳ ಯಾವ ಗೂಡಿನಲ್ಲೂ ಇಲ್ಲ. ಆಗಲೇ ಖಾಲಿಯೆಂದು ತೋರಿಸಿಟ್ಟಿದ್ದ ಟೋಪಿಯೊಳಗಿಂದ ಅದು ಹೊರಬರುತ್ತದೆ.

ದಾಳ ಟೋಪಿಗೆ ಹೋದದ್ದು ಜಾದೂ. ಅದಕ್ಕೆ ಹಿಡಿಯುವುದು ರೆಪ್ಪೆ ಬಡಿಯುವಷ್ಟು ಹೊತ್ತು. ಉಳಿದ ನಿಮಿಷಗಳೆಲ್ಲ ಹಾಸ್ಯ. ಆ ನಿಮಿಷಗಳನ್ನು ಹದವಾಗಿ ಎಳೆಯುವುದಕ್ಕೆ ವರ್ಷಗಟ್ಟಲೆ ಸಾಧನೆ ಬೇಕು. ಗಂಭೀರ ಜಾದೂಗಾರ ವೇದಿಕೆಗೆ ಬಂದರೆ ತನಗೆ ಗೊತ್ತಿರುವುದು ನಮಗಾರಿಗೂ ಗೊತ್ತಿಲ್ಲವೆಂಬ ಠೀವಿ ಅವನ ನಡಿಗೆಯಲ್ಲೇ ಇರುತ್ತದೆ. ಹಾಸ್ಯ ಜಾದೂಗಾರ ಆ ಠೀವಿಯನ್ನು ಬಿಟ್ಟುಕೊಡುತ್ತಾನೆ. ಮಗ್ಗಿ ಬಾರದೆ ಬೈಸಿಕೊಂಡ ಹುಡುಗ, ತರಗತಿಯಲ್ಲಿ ಬಾಯಿ ಬಿಡದ ಹುಡುಗಿ ಇಬ್ಬರೂ ಅವತ್ತು ವೇದಿಕೆಯ ಮೇಲಿರುವ ದೊಡ್ಡ ಮನುಷ್ಯನನ್ನು ತಿದ್ದುತ್ತಾರೆ, ಅದೂ ಗಂಟಲು ಬಿಚ್ಚಿ. ಊರ ಮುಂದೆ ಹೀಗೆ ಸೋಲಲು ಒಪ್ಪುವುದೇ ಈ ಕಲೆಯ ತಿರುಳು ಎಂದು ನಾನು ನಂಬಿದ್ದೇನೆ. ಇಂಥ ಕಲೆಯನ್ನು ನಮ್ಮ ಸಣ್ಣ ಊರುಗಳಲ್ಲಿ ಉಳಿಸಿಕೊಂಡು ಬಂದವರು ಹೆಚ್ಚಾಗಿ ಬೇರೆ ಕೆಲಸ ಮಾಡಿ ಹೊಟ್ಟೆ ಹೊರೆಯುವವರು, ರಜೆಯ ದಿನಗಳಲ್ಲಿ ಜಾದೂಗಾರರಾಗುವವರು.

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳನ್ನೇ ತೆಗೆದುಕೊಳ್ಳಿ. 1997ರಲ್ಲಿ ಜಿಲ್ಲೆ ಹುಟ್ಟುವ ಮುನ್ನ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ಈಚೆಗೆ, 2018ರಲ್ಲಿ. ನಾಲ್ಕು ಪಟ್ಟಣಗಳಲ್ಲಿ ಒಂದಕ್ಕೂ ರೈಲಿಲ್ಲ. ಯಾವ ಊರಿನಲ್ಲೂ ವರ್ಷವಿಡೀ ಒಬ್ಬ ಕಲಾವಿದನ ಸಂಸಾರ ಸಾಕುವಷ್ಟು ಜಾದೂ ಕಾರ್ಯಕ್ರಮಗಳಿಲ್ಲ. ಹಾಗಾಗಿ ಇಲ್ಲಿ ಜಾದೂ ಮಾಡುವವನು ಮೇಷ್ಟ್ರೋ, ಎಲ್‌ಐಸಿ ಏಜೆಂಟನೋ, ಬ್ಯಾಂಕಿನ ಗುಮಾಸ್ತನೋ, ಫೋಟೊ ಸ್ಟುಡಿಯೊ ಇಟ್ಟವನೋ ಆಗಿರಲೇಬೇಕು. ಬ್ಯಾಂಕಿನವನಾದರೆ ಎರಡನೇ ಮತ್ತು ನಾಲ್ಕನೇ ಶನಿವಾರದ ಮೇಲೆ ಅವನ ಕಣ್ಣು. ಮೇಷ್ಟ್ರಾದರೆ ಶನಿವಾರ ಬೆಳಗಿನ ತರಗತಿ ಮುಗಿಸಿ, ಉಂಡು, ಎರಡು ಸೂಟ್‌ಕೇಸ್ ಬೈಕಿಗೆ ಬಿಗಿದು ಹೊರಡಬೇಕು. ಬಸ್ಸಿನಲ್ಲಿ ಹೋಗಬಹುದು, ವಾಪಸು ಬರಲಾಗದು. ಹಳ್ಳಿಯ ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಕೊನೆಯ ಬಸ್ಸು ಹೋಗಿ ಬಹಳ ಹೊತ್ತಾಗಿರುತ್ತದೆ. ಸೋಮವಾರ ಬೆಳಿಗ್ಗೆ ಹಾಜರಿ ಪುಸ್ತಕದ ಮುಂದೆ ಅವನು ಎಲ್ಲರಂತೆ ನಿಂತಿರುತ್ತಾನೆ.

ಅವನ ಬುಕಿಂಗ್ ಡೈರಿಯನ್ನು ಬರೆಯುವುದು ಮಳೆ ಮತ್ತು ಫಸಲು. ಚನ್ನಗಿರಿ ಸೀಮೆಯಲ್ಲಿ ಅಡಿಕೆ ಕೊಯ್ಲು ಮುಗಿದು ಕೈಯಲ್ಲಿ ದುಡ್ಡಾಡುವ ಹೊತ್ತಿಗೆ ಗೃಹಪ್ರವೇಶ, ನಾಮಕರಣ, ಮಕ್ಕಳ ಹುಟ್ಟುಹಬ್ಬದ ಕರೆಗಳು ಬರುತ್ತವೆ. ಹೊನ್ನಾಳಿ ಕಡೆ ಭದ್ರಾ ನಾಲೆಯ ನೀರುಂಡ ಭತ್ತದ ಊರುಗಳಿಗೆ ಎರಡು ಸುಗ್ಗಿ. ನ್ಯಾಮತಿಯ ಮೆಕ್ಕೆಜೋಳದ ಊರುಗಳು ಆ ವರ್ಷದ ಧಾರಣೆ ನೋಡಿಕೊಂಡು ತೀರ್ಮಾನಿಸುತ್ತವೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ಶಾಲಾ ವಾರ್ಷಿಕೋತ್ಸವಗಳ ಕಾಲ. ಒಂದೇ ಸಂಜೆಗೆ ಎರಡು ಮೂರು ಶಾಲೆಗಳವರು ಕರೆಯುವುದುಂಟು. ಅದು ಕಳೆದರೆ ಜಾತ್ರೆಗಳು, ಭಾದ್ರಪದದಲ್ಲಿ ಗಣಪತಿ ಪೆಂಡಾಲುಗಳು. ನಡುವಿನ ಆಷಾಢದಲ್ಲಿ ಸೂಟ್‌ಕೇಸು ಅಟ್ಟ ಸೇರುತ್ತದೆ. ರೇಷ್ಮೆ ಕರವಸ್ತ್ರಗಳನ್ನು ಒಗೆದು ಇಸ್ತ್ರಿ ಮಾಡುವುದು, ಸಡಿಲಾದ ತಿರುಪು ಬಿಗಿ ಮಾಡುವುದು, ಹೊಸ ಐಟಂ ಕನ್ನಡಿ ಮುಂದೆ ಪಳಗಿಸುವುದು ಎಲ್ಲ ಆಗಲೇ. ಜಾದೂ ಮಂದಿ ಒಂದೊಂದು ಆಟವನ್ನೂ ಐಟಂ ಎಂದೇ ಕರೆಯುತ್ತಾರೆ.

ಜಗಳೂರಿನ ಲೆಕ್ಕ ಬೇರೆ. ಅಲ್ಲಿ ನಾಲೆಯಿಲ್ಲ. ಮಳೆ ಕೈಕೊಟ್ಟ ವರ್ಷ ಜಾತ್ರೆಯ ಕಮಿಟಿಯವರು ದೇವರ ಕೆಲಸವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಕಡಿತ ಮಾಡುತ್ತಾರೆ, ಮೊದಲು ಹೋಗುವುದೇ ಮ್ಯಾಜಿಕ್ ಶೋ. ತುಂಗಭದ್ರೆಯ ನೀರೆತ್ತಿ ತಾಲ್ಲೂಕಿನ 57 ಕೆರೆ ತುಂಬಿಸುವ ಯೋಜನೆಗಾಗಿ ಆ ಜನ ಎಷ್ಟು ವರ್ಷ ಹೋರಾಡಿದರು, ಕಾದರು ಎಂಬುದು ಜಿಲ್ಲೆಗೇ ಗೊತ್ತು. ಈ ಊರಿಗೆಂದೇ ಹುಟ್ಟಿದಂತಿರುವ ಐಟಂ ಒಂದಿದೆ. ಪ್ರಪಂಚದ ಜಾದೂಗಾರರೆಲ್ಲ ಅದನ್ನು 'ವಾಟರ್ ಆಫ್ ಇಂಡಿಯಾ' ಎನ್ನುತ್ತಾರೆ. ಒಂದು ತಂಬಿಗೆ. ಕಾರ್ಯಕ್ರಮದ ಆರಂಭದಲ್ಲಿ ಅದರ ನೀರನ್ನೆಲ್ಲ ಸುರಿದು, ಬೋರಲು ಹಿಡಿದು, ಖಾಲಿಯೆಂದು ತೋರಿಸಿ ಪಕ್ಕಕ್ಕಿಡುತ್ತಾನೆ. ಎರಡು ಐಟಂ ಮುಗಿಸಿ ಬಂದು ಅದೇ ತಂಬಿಗೆ ಬಗ್ಗಿಸಿದರೆ ಮತ್ತೆ ನೀರು. ಇನ್ನೊಂದು ಐಟಂ ಆದ ಮೇಲೆ ಮತ್ತೆ ನೀರು. 'ಇಂದ್ರಜಾಲ' ಪ್ರದರ್ಶನದಿಂದ ಜಗತ್ತು ಸುತ್ತಿದ ಪಿ.ಸಿ. ಸರ್ಕಾರ್ ತಮ್ಮ ದೊಡ್ಡ ಐಟಂಗಳ ನಡುನಡುವೆ ಈ ತಂಬಿಗೆಯನ್ನು ಬಗ್ಗಿಸುತ್ತ ಜನರನ್ನು ನಗಿಸುತ್ತಿದ್ದರು. ಲಂಡನ್ನಿನಲ್ಲಿ, ಟೋಕಿಯೊದಲ್ಲಿ ಅದು ತಮಾಷೆ. ಬೋರ್‌ವೆಲ್ ಕೊರೆಸಿ ಕೊರೆಸಿ ಸೋತ ರೈತರ ಮುಂದೆ ಬರಿದಾದ ತಂಬಿಗೆ ಮತ್ತೆ ಮತ್ತೆ ತುಂಬಿಕೊಳ್ಳುವಾಗ ಆ ನಗೆಗೆ ಬೇರೆಯೇ ತೂಕವಿರುತ್ತದೆ. "ಯಜಮಾನ್ರೆ, ಈ ತಂಬಿಗೆ ನಿಮ್ಮ ಹೊಲದಾಗೆ ಹೂತುಬಿಡ್ಲೇನು?" ಎಂಬ ಒಂದು ಮಾತಿನಲ್ಲಿ ಅವರ ನೋವೂ ಇರುತ್ತದೆ, ಅದನ್ನು ಬಲ್ಲವನ ಪ್ರೀತಿಯೂ ಇರುತ್ತದೆ. ಸಲಕರಣೆ ಎಲ್ಲರಿಗೂ ಒಂದೇ, ಅಂಗಡಿಯಲ್ಲಿ ಸಿಗುತ್ತದೆ. ಮಾತು ಆಯಾ ಊರಿನದೇ ಆಗಬೇಕು. ಇದನ್ನು ಅರಿತ ಸ್ಥಳೀಯ ಕಲಾವಿದನಿಗೆ ಬೆಂಗಳೂರಿನಿಂದ ಬಂದ ದೊಡ್ಡ ಹೆಸರೂ ಸರಿಸಾಟಿಯಾಗದು.

ನಗೆ ಇಲ್ಲಿ ಅಲಂಕಾರಕ್ಕಾಗಿ ಬಂದದ್ದಲ್ಲ, ಅದು ಕೆಲಸದ ಉಪಕರಣ. ಕೈ ಕಣ್ಣಿಗಿಂತ ವೇಗ, ಅದಕ್ಕೇ ಮೋಸ ಹೋಗುತ್ತೇವೆ ಎಂದು ಜನ ಹೇಳುತ್ತಾರೆ. ಮನೋವಿಜ್ಞಾನ ಹೇಳುವುದು ಬೇರೆ. ಬುದ್ಧಿಮತ್ತೆಯ ಪರೀಕ್ಷೆಗಳನ್ನು ರೂಪಿಸಿ ಮುಂದೆ ಹೆಸರಾದ ಫ್ರಾನ್ಸಿನ ಆಲ್ಫ್ರೆಡ್ ಬಿನೆ 1890ರ ದಶಕದಲ್ಲೇ ಜಾದೂಗಾರರ ಕೈಚಳಕವನ್ನು ಸಾಲು ಚಿತ್ರಗಳಲ್ಲಿ ಸೆರೆಹಿಡಿದು ಅಧ್ಯಯನ ಮಾಡಿದ್ದ. 2006ರಲ್ಲಿ ಗುಸ್ತಾವ್ ಕೂನ್ ಮತ್ತು ಮೈಕೆಲ್ ಲ್ಯಾಂಡ್ ಎಂಬ ಸಂಶೋಧಕರು ಒಂದು ಸರಳ ಆಟವನ್ನು ಪರೀಕ್ಷಿಸಿದರು. ಜಾದೂಗಾರ ಚೆಂಡನ್ನು ಎರಡು ಸಲ ಮೇಲಕ್ಕೆಸೆದು ಹಿಡಿಯುತ್ತಾನೆ. ಮೂರನೆಯ ಸಲ ಎಸೆದಂತೆ ನಟಿಸುತ್ತಾನಷ್ಟೆ, ಚೆಂಡು ಕೈಯಲ್ಲೇ ಉಳಿಯುತ್ತದೆ. ಅವನ ಕಣ್ಣು ಮೇಲೆ ಹೋಗುವ ಚೆಂಡನ್ನು ಹಿಂಬಾಲಿಸಿದಂತೆ ಚಲಿಸಿದಾಗ ನೋಡುಗರಲ್ಲಿ ನೂರಕ್ಕೆ 68 ಮಂದಿ ಇಲ್ಲದ ಚೆಂಡು ಮೇಲಕ್ಕೆ ಹೋದದ್ದನ್ನು 'ಕಂಡರು'. ಅವನು ಕೈಯನ್ನೇ ನೋಡುತ್ತಿದ್ದಾಗ ಆ ಸಂಖ್ಯೆ 32ಕ್ಕೆ ಇಳಿಯಿತು. ಎದುರಿನವನ ಕಣ್ಣು ಎತ್ತ ತಿರುಗುತ್ತದೋ ನಮ್ಮ ಮನಸ್ಸು ಅತ್ತ ಹೋಗುತ್ತದೆ. ಗುಂಪಿನಲ್ಲಿ ಬದುಕುವ ಪ್ರಾಣಿಗಳು ನಾವು, ಆ ಅಭ್ಯಾಸ ರಕ್ತದಲ್ಲಿದೆ.

ನಗುವಾಗ ಈ ಗಮನ ಇನ್ನಷ್ಟು ಸಡಿಲಾಗುತ್ತದೆ. ಒಂದು ಮಾತಿಗೆ ಜನ ನಕ್ಕ ಕೂಡಲೇ ಪಕ್ಕದವರ ಮುಖ ನೋಡುತ್ತಾರೆ, ಬೆನ್ನನ್ನು ಕುರ್ಚಿಗೆ ಒರಗಿಸುತ್ತಾರೆ. ಐಟಂ ಮುಗಿಯಿತು, ಇನ್ನು ಕಾವಲು ಬೇಡ ಎಂದು ಮನಸ್ಸು ತೀರ್ಮಾನಿಸಿಬಿಡುತ್ತದೆ. ಕಲಾವಿದನಿಗೆ ಬೇಕಾದ ಗಳಿಗೆ ಅದೇ. ಮಗುವಿನ ಕೈಗೆ ಕೊಟ್ಟ ಮಂತ್ರದಂಡ ಕೊಟ್ಟ ಕೂಡಲೇ ಮುರಿದು ಜೋತುಬೀಳುತ್ತದೆ. ಸಭೆ ನಗುತ್ತದೆ, ಅಷ್ಟರಲ್ಲಿ ನಿಜವಾದ ಕೆಲಸ ಬೇರೆಡೆ ಮುಗಿದುಹೋಗಿರುತ್ತದೆ. ಎಲ್ಲಿ, ಹೇಗೆ ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಆ ಗುಟ್ಟು ಒಬ್ಬರ ಅನ್ನ.

ಹೀಗೆ ತಪ್ಪುವುದನ್ನೇ ಕಲೆಯಾಗಿಸಿದವರಲ್ಲಿ ಬ್ರಿಟನ್ನಿನ ಟಾಮಿ ಕೂಪರ್ ದೊಡ್ಡ ಹೆಸರು. ಕೆಂಪು ತುರ್ಕಿ ಟೋಪಿ ಹಾಕಿಕೊಂಡು ಬಂದು ಮಾಡಿದ್ದೆಲ್ಲ ಎಡವಟ್ಟು ಮಾಡುತ್ತಿದ್ದ ಆ ಎತ್ತರದ ಮನುಷ್ಯ ನಿಜಕ್ಕೂ ನುರಿತ ಜಾದೂಗಾರ. 1984ರ ಏಪ್ರಿಲ್ 15ರಂದು ಲಂಡನ್ನಿನ ರಂಗಮಂದಿರವೊಂದರಲ್ಲಿ, ಟಿವಿಯ ನೇರ ಪ್ರಸಾರ ನಡೆಯುತ್ತಿರುವಾಗಲೇ ಆತ ಹೃದಯಾಘಾತವಾಗಿ ಕುಸಿದುಬಿದ್ದ. ಅದೂ ಆಟದ ಭಾಗವೆಂದು ಸಭೆ ನಗುತ್ತಲೇ ಇತ್ತು. ಸೋಲನ್ನು ಅಷ್ಟು ಸಹಜವಾಗಿ ಅಭಿನಯಿಸಿದವನ ನಿಜವಾದ ಬೀಳುವಿಕೆಯನ್ನು ಯಾರೂ ಗುರುತಿಸಲಿಲ್ಲ ಎಂಬುದು ನನ್ನನ್ನು ಬಹಳ ಕಾಡಿದ ಸಂಗತಿ.

ಯಾರನ್ನು ನೋಡಿ ನಗಬೇಕು ಎಂಬುದೇ ಈ ಕಲೆಯ ಮುಖ್ಯ ಪ್ರಶ್ನೆ. ಬೇಗ ನಗಿಸಲು ಸುಲಭದ ದಾರಿಗಳಿವೆ: ಹೆಂಡತಿಯ ಮೇಲೆ ಜೋಕು, ಕಪ್ಪು ಬಣ್ಣದ ಮೇಲೆ, ದಪ್ಪ ಮೈಯ ಮೇಲೆ, ಉಚ್ಚಾರದ ಮೇಲೆ. ವೇದಿಕೆಗೆ ಬಂದ ಹುಡುಗನ ಹರಿದ ಚಡ್ಡಿ ತೋರಿಸಿ ನಗಿಸಿದವರನ್ನೂ ನೋಡಿದ್ದೇನೆ. ಆ ಹುಡುಗ ಮಾರನೇ ದಿನ ಅದೇ ಶಾಲೆಗೆ ಹೋಗಬೇಕು. ಒಳ್ಳೆಯ ಹಾಸ್ಯ ಜಾದೂಗಾರ ಮಗುವನ್ನು ಮೇಲೆ ಕರೆದರೆ ಕಡೆಗೆ ಆ ಮಗುವೇ ಗೆದ್ದು ಕೆಳಗಿಳಿಯುವಂತೆ ನೋಡಿಕೊಳ್ಳುತ್ತಾನೆ. ದಂಡ ಮುರಿದದ್ದು ಇವನ ಅವಮಾನ, ಮಗು ಊದಿದಾಗ ಬರಿಗೈಯಲ್ಲಿ ಹೂ ಅರಳಿದ್ದು ಮಗುವಿನ ಗೆಲುವು. ನಗೆಯ ಪೆಟ್ಟು ತನ್ನ ಮೇಲೆ ಬಿದ್ದರೆ ಸರಿ, ಪಂಚಾಯಿತಿ ಅಧ್ಯಕ್ಷರ ಮೇಲೂ ಸ್ವಲ್ಪ ಬಿದ್ದರೆ ಅಡ್ಡಿಯಿಲ್ಲ, ಬಡವರ ಮಗುವಿನ ಮೇಲೆ ಬೀಳಕೂಡದು.

ಭಾಷೆಯೂ ಇದರಲ್ಲಿ ಸೇರಿದೆ. ಚನ್ನಗಿರಿ ಪೇಟೆಯಲ್ಲಿ ಕನ್ನಡದ ಜೊತೆ ಉರ್ದು ನಡೆಯುತ್ತದೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳ, ಸುತ್ತಮುತ್ತ ಲಂಬಾಣಿ ತಾಂಡಾಗಳಿವೆ. ಅಲ್ಲಿ ಹೋಗಿ ಎರಡು ಮಾತು ಅವರ ಭಾಷೆಯಾದ ಗೋರ್‌ಬೋಲಿಯಲ್ಲಿ ಆಡಿದರೆ ಅಜ್ಜಿಯರೂ ಮುಂದೆ ಬಂದು ಕೂರುತ್ತಾರೆ. ದಾವಣಗೆರೆ ಸೀಮೆಯ ಜನಕ್ಕೆ ನಗೆಯ ರುಚಿ ಹೊಸದೂ ಅಲ್ಲ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ತವರು ಇದು. ಕಂಪನಿ ನಾಟಕದ ಹಾಸ್ಯಪಾತ್ರಗಳನ್ನು ನೋಡಿ ಬೆಳೆದ ಈ ಪ್ರೇಕ್ಷಕರಿಗೆ ಮಾತಿನ ಹದ ಗೊತ್ತು, ಹಳಸಲು ಜೋಕಿಗೆ ಅವರು ನಗುವುದಿಲ್ಲ.

ಇವತ್ತಿನ ಜಾದೂಗಾರನಿಗೆ ಹಿರಿಯರು ಯಾರು ಎಂದರೆ ಸರ್ಕಾರ್ ಅವರ ಹೆಸರು ಮೊದಲು ಬರುತ್ತದೆ. 1913ರಲ್ಲಿ ಈಗಿನ ಬಾಂಗ್ಲಾದೇಶದ ಟಾಂಗೈಲ್‌ನಲ್ಲಿ ಹುಟ್ಟಿ, 1971ರ ಜನವರಿ 6ರಂದು ಜಪಾನಿನಲ್ಲಿ ಪ್ರವಾಸದ ನಡುವೆಯೇ ತೀರಿಕೊಂಡವರು. 2010ರಲ್ಲಿ ಅಂಚೆ ಇಲಾಖೆ ಅವರ ನೆನಪಿಗೆ ಚೀಟಿ ಹೊರತಂದಿತು. ಕನ್ನಡ ನಾಡಿನಲ್ಲಿ ಉಡುಪಿಯ ಪ್ರೊ. ಶಂಕರ್, ಮಂಗಳೂರಿನ ಕುದ್ರೋಳಿ ಗಣೇಶ್, ಬೆರಳುಗಳ ನೆರಳಿನಲ್ಲೇ ಕಥೆ ಹೇಳುವ ಪ್ರಹ್ಲಾದ ಆಚಾರ್ಯ, ಬೆಂಗಳೂರಿನ ಉದಯ್ ಜಾದೂಗಾರ್ ಇವರೆಲ್ಲ ಪರಿಚಿತರು. ಆದರೆ ಇನ್ನೊಂದು ವಂಶಾವಳಿಯೂ ಇದೆ, ಅದನ್ನು ನಾವು ಮರೆತಿದ್ದೇವೆ. ಮಧ್ಯ ಕರ್ನಾಟಕದ ಊರೂರಿಗೆ ಬಂದು, ಸಂತೆಯ ಬಯಲಿನಲ್ಲಿ ಬರಿಗೈಯಿಂದ ಕಲ್ಲು, ಗುಂಡು ತೆಗೆದು ತೋರಿಸುತ್ತಿದ್ದ ಸುಡುಗಾಡು ಸಿದ್ಧರು; ಬುಟ್ಟಿ ಹೊತ್ತು ಬರುತ್ತಿದ್ದ ಗಾರುಡಿಗರು. ಅವರಿಗೆ ವೇದಿಕೆಯಿಲ್ಲ, ಪರದೆಯಿಲ್ಲ, ಸುತ್ತಲೂ ಜನ. ನಾಲ್ಕು ಕಡೆಯಿಂದಲೂ ಕಣ್ಣುಗಳು ದಿಟ್ಟಿಸುತ್ತಿರುವಾಗ ನೆಲದಲ್ಲಿ ಕುಕ್ಕುರುಗಾಲಲ್ಲಿ ಕೂತು ಮಾಡುವ ಕೈಚಳಕ ಯಾವ ರಂಗಮಂದಿರದ ಜಾದೂಗಿಂತಲೂ ಕಷ್ಟದ್ದು. ಜೊತೆಗೆ ಅವರ ಮಾತೆಲ್ಲ ನಗೆಯೇ. ಬಟ್ಟಲು ಮತ್ತು ಗುಂಡಿನ ಆಟವನ್ನು ರೋಮಿನ ಸೆನೆಕ ಎರಡು ಸಾವಿರ ವರ್ಷದ ಹಿಂದೆಯೇ ತನ್ನ ಪತ್ರವೊಂದರಲ್ಲಿ ನೆನೆದಿದ್ದಾನೆ. ನಮ್ಮ ಸಂತೆಯ ಬಯಲಿನ ಆಟ ಅದೇ ಹಳೆಯ ಕುಲದ್ದು.

ಕಾನೂನು ಈ ಬೀದಿ ಆಟಗಾರರನ್ನು ಕಲಾವಿದರೆಂದು ಕಾಣಲಿಲ್ಲ. 1959ರ ಬಾಂಬೆ ಭಿಕ್ಷಾಟನೆ ತಡೆ ಕಾಯ್ದೆ ಹಾಡುವುದು, ಕುಣಿಯುವುದು, ಕಣಿ ಹೇಳುವುದು, ಆಟ ತೋರಿಸುವುದು ಇವನ್ನೆಲ್ಲ ಭಿಕ್ಷೆಯ ನೆಪಗಳೆಂದು ಬರೆದಿಟ್ಟಿತು. ದೆಹಲಿಗೂ ಅನ್ವಯವಾಗಿದ್ದ ಆ ಕಾಯ್ದೆಯ ದಂಡನೆಯ ವಿಧಿಗಳನ್ನು ಅಲ್ಲಿನ ಹೈಕೋರ್ಟು ರದ್ದು ಮಾಡಲು 2018 ಬರಬೇಕಾಯಿತು. ಹಾವಾಡಿಸುವುದು 1972ರ ವನ್ಯಜೀವಿ ಕಾಯ್ದೆಯ ನಂತರ ಅಪರಾಧ. ಪ್ರಾಣಿಗಳನ್ನು ಪ್ರದರ್ಶನಕ್ಕೆ ಬಳಸಬೇಕಾದರೆ ನೋಂದಣಿ ಮಾಡಿಸಬೇಕೆಂದು 2001ರ ನಿಯಮ ಹೇಳುತ್ತದೆ, ಆದ್ದರಿಂದ ಟೋಪಿಯಿಂದ ಮೊಲ, ಪಾರಿವಾಳ ತೆಗೆಯುವುದೂ ಸುಮ್ಮನೆ ಆಗುವ ಕೆಲಸವಲ್ಲ. ಪ್ರಾಣಿಗಳ ಪಾಲಿಗೆ ಇದು ನ್ಯಾಯವೇ. ಆದರೆ ಬುಟ್ಟಿಯನ್ನು ಕಳೆದುಕೊಂಡ ಗಾರುಡಿಗನ ಕೈಯಲ್ಲಿದ್ದ ವಿದ್ಯೆಗೆ ಬೇರೊಂದು ದಾರಿ ತೋರಿಸುವುದೂ ನ್ಯಾಯವಾಗಿತ್ತು. ಅದನ್ನು ಯಾರೂ ಮಾಡಲಿಲ್ಲ.

ಜಾದೂ ತೋರಿಸುವವನು ತನ್ನದು ಕೈಚಳಕ, ಪವಾಡವಲ್ಲ ಎಂದು ಮೊದಲೇ ಹೇಳಿಬಿಡುತ್ತಾನೆ. ಈ ಒಂದು ಮಾತಿನಿಂದ ಅವನು ಮಂತ್ರವಾದಿಯ ಎದುರುಪಕ್ಷಕ್ಕೆ ಸೇರುತ್ತಾನೆ. 1584ರಲ್ಲೇ ಇಂಗ್ಲೆಂಡಿನ ರೆಜಿನಾಲ್ಡ್ ಸ್ಕಾಟ್, ಮಾಟಗಾತಿಯರೆಂದು ಅಮಾಯಕರನ್ನು ಕೊಲ್ಲುವುದನ್ನು ವಿರೋಧಿಸಿ ಬರೆದ ಪುಸ್ತಕದಲ್ಲಿ ಕೈಚಳಕದ ಆಟಗಳನ್ನು ವಿವರಿಸಿದ್ದ. ನಮ್ಮಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿದರು. ಹುಲಿಕಲ್ ನಟರಾಜ್ ಊರೂರು ಸುತ್ತಿ ಪವಾಡಗಳ ಗುಟ್ಟು ಬಿಚ್ಚಿಟ್ಟರು. ಅಮಾನವೀಯ ಆಚರಣೆ, ವಾಮಾಚಾರ ತಡೆಯುವ ರಾಜ್ಯದ ಕಾಯ್ದೆ 2017ರಲ್ಲಿ ಅಂಗೀಕಾರವಾಗಿ 2020ರ ಜನವರಿಯಲ್ಲಿ ಜಾರಿಗೆ ಬಂತು. ಕಾಯ್ದೆ ಬೇಕು, ಭಾಷಣವೂ ಬೇಕು. ಆದರೆ ನಿಂಬೆಹಣ್ಣಿನಿಂದ 'ರಕ್ತ' ಬರಿಸಿ, ತೆಂಗಿನಕಾಯಿಗೆ ತಾನಾಗಿಯೇ ಬೆಂಕಿ ಹತ್ತುವಂತೆ ಮಾಡಿ, ಆ ಬೆಂಕಿಗೆ ತಾನೇ ಬೆದರಿ ಮೇಜಿನಡಿ ಅಡಗುವ ಜಾದೂಗಾರನನ್ನು ಕಂಡು ಹೊಟ್ಟೆ ಹುಣ್ಣಾಗುವಂತೆ ನಕ್ಕ ಮಗು ಮುಂದೆಂದೂ ಆ ನಿಂಬೆಹಣ್ಣಿಗೆ ಹೆದರುವುದಿಲ್ಲ. ಹೆದರಿಕೆಯನ್ನು ನಗೆ ಬಿಡಿಸಿದಷ್ಟು ಚೆನ್ನಾಗಿ ವಾದ ಬಿಡಿಸಲಾರದು.

ಇಷ್ಟು ಮಾಡುವವನಿಗೆ ಸಿಗುವುದೇನು? ಹಾರ, ಶಾಲು, ಪಟಾಕಿಯಂಥ ಚಪ್ಪಾಳೆ, ಕೆಲವು ಸಲ ಮಾತಾಡಿಕೊಂಡಿದ್ದಕ್ಕಿಂತ ಕಡಿಮೆ ಹಣ. "ಒಂದು ಗಂಟೆ ಆಟಕ್ಕೆ ಇಷ್ಟಾ?" ಎಂದು ಕೇಳುವವರು ಆ ಒಂದು ಗಂಟೆಯ ಹಿಂದಿನ ವರ್ಷಗಳನ್ನೂ, ಪೆಟ್ಟಿಗೆಯೊಂದಕ್ಕೆ ಬಡಗಿಗೆ ಕೊಟ್ಟ ದುಡ್ಡನ್ನೂ, ರಾತ್ರಿ ಹಿಂತಿರುಗುವ ಪೆಟ್ರೋಲನ್ನೂ ಲೆಕ್ಕ ಹಿಡಿಯುವುದಿಲ್ಲ. ಗಣ್ಯರ ಭಾಷಣ ಉದ್ದವಾಗಿ, ರಾತ್ರಿ 10 ಗಂಟೆಗೆ ಧ್ವನಿವರ್ಧಕ ನಿಲ್ಲಿಸಬೇಕಾದ ನಿಯಮ ನೆನಪಾಗಿ, ಜಾದೂವನ್ನು ಹದಿನೈದು ನಿಮಿಷಕ್ಕೆ ಮೊಟಕು ಮಾಡಿದ ವೇದಿಕೆಗಳು ಬೇಕಾದಷ್ಟಿವೆ. ಕೊರೊನಾ ಕಾಲದಲ್ಲಿ ಎರಡು ಹಂಗಾಮು ಪೂರ್ತಿ ಹೋಯಿತು; 2021ರ ಮೇ ತಿಂಗಳಲ್ಲಿ ಸರ್ಕಾರ ಕಲಾವಿದರಿಗೆ ತಲಾ 3,000 ರೂಪಾಯಿ ನೆರವು ಘೋಷಿಸಿತು. ಬೇರೆ ನೌಕರಿ ಇದ್ದವರು ಹೇಗೋ ದಾಟಿದರು. ಪೂರ್ಣಾವಧಿ ಕಲೆಯನ್ನೇ ನಂಬಿದವರ ಕಷ್ಟ ನೋಡಿದ ಮೇಲೆ ನೌಕರಿ ಬಿಟ್ಟು ಜಾದೂಗೆ ಇಳಿಯುವ ಧೈರ್ಯ ಎಷ್ಟು ಜನಕ್ಕೆ ಬಂದೀತು? ಈಗ ಮುಂದಿನ ಸಾಲಿನ ಹುಡುಗನ ಕೈಯಲ್ಲಿ ಮೊಬೈಲ್ ಇದೆ, ಯೂಟ್ಯೂಬಿನಲ್ಲಿ ಗುಟ್ಟುಗಳೆಲ್ಲ ಬಿಚ್ಚಿಕೊಂಡಿವೆ. ಹಾಸ್ಯ ಜಾದೂಗಾರನಿಗೆ ಮಾತ್ರ ಅದರಿಂದ ನಷ್ಟ ಕಡಿಮೆ. ಗುಟ್ಟು ಗೊತ್ತಿದ್ದವರೂ ಅವನ ಪೇಚಾಟಕ್ಕೆ ನಗುತ್ತಾರೆ.

ಕರ್ನಾಟಕದಲ್ಲಿ ನಾಟಕಕ್ಕೆ, ಜಾನಪದಕ್ಕೆ, ಯಕ್ಷಗಾನಕ್ಕೆ, ಬಯಲಾಟಕ್ಕೆ ಅಕಾಡೆಮಿಗಳಿವೆ. ಜಾದೂಗೆ ಇಲ್ಲ. ಹೊಸ ಅಕಾಡೆಮಿಯೇ ಆಗಬೇಕೆಂದು ನಾನು ಕೇಳುವುದಿಲ್ಲ. ನಾಟಕ ಅಕಾಡೆಮಿ ವೇದಿಕೆಯ ಜಾದೂವನ್ನೂ, ಜಾನಪದ ಅಕಾಡೆಮಿ ಬೀದಿಯ ಕೈಚಳಕವನ್ನೂ ತಮ್ಮವೆಂದು ಕಂಡು ಒಂದೆರಡು ಶಿಬಿರ ನಡೆಸಲಿ. ಮಿಮಿಕ್ರಿಗೆ ಜಾಗ ಕೊಟ್ಟ ಪ್ರತಿಭಾ ಕಾರಂಜಿಯಲ್ಲಿ ಜಾದೂಗೂ ಹತ್ತು ನಿಮಿಷ ಸಿಗಲಿ.

ಉಳಿದದ್ದು ನಮ್ಮ ಕೈಯಲ್ಲೇ ಇದೆ. ನಿಮ್ಮ ಶಾಲೆಗೋ, ಗಣಪತಿ ಕಮಿಟಿಗೋ ಈ ಸಲ ಜಾದೂಗಾರನನ್ನು ಕರೆಯುವುದಾದರೆ ಒಂದು ತಿಂಗಳು ಮುಂಚೆ ಹೇಳಿ, ಅಡ್ವಾನ್ಸ್ ಕೊಡಿ. ವೇದಿಕೆಯ ಹಿಂದೆ ಜನ ನಿಲ್ಲದಂತೆ ಪರದೆ ಕಟ್ಟಿಸಿ, ಮಕ್ಕಳನ್ನು ಮುಂದೆ ಕೂರಿಸಿ. ಭಾಷಣಗಳು ಶುರುವಾಗುವ ಮುಂಚೆಯೇ ಅವನ ಆಟವಿರಲಿ, ಒಪ್ಪಿದ ಹಣವನ್ನು ಅದೇ ರಾತ್ರಿ ಪೂರ್ತಿ ಕೊಟ್ಟು, ಊಟ ಮಾಡಿಸಿ ಕಳಿಸಿ.